ತಿಳಿಯದಿರುವ ಹಕ್ಕು

ನಮ್ಮಲ್ಲಿ ತಿಳಿವನ್ನು ಹೊಗಳದವರಿಲ್ಲ. ಹೆಣ್ಣು ಗಂಡು ಒಪ್ಪುವ ಮೊದಲು ಜಾತಕ ತೋರಿಸುತ್ತೇವೆ. ನಿವೇಶನ ಕೊಳ್ಳುವ ಮೊದಲು ಋಣಭಾರ ಪತ್ರ ತೆಗೆಸುತ್ತೇವೆ. ಮಾವಿನಹಣ್ಣನ್ನು ಮೂಸಿ ನೋಡದೆ ಚೀಲಕ್ಕೆ ಹಾಕಿಕೊಳ್ಳುವುದಿಲ್ಲ. ಹೀಗೆ ಎಲ್ಲವನ್ನೂ ವಿಚಾರಿಸಿಯೇ ಮುಂದಡಿಯಿಡುವ ನಾವು, ನಮ್ಮ ಮೈಯೊಳಗೆ ಹರಿಯುತ್ತಿರುವ ರಕ್ತದ ಬಗೆಗೆ ಒಂದೇ ಒಂದು ಪ್ರಶ್ನೆಯನ್ನು ಕೇಳಲು ಮಾತ್ರ ಹಿಂಜರಿಯುತ್ತೇವೆ. ಎಚ್.ಐ.ವಿ. ಇದೆಯೋ ಇಲ್ಲವೋ ಎಂಬುದೇ ಆ ಪ್ರಶ್ನೆ.

ಕೇಳುವುದು ಕಷ್ಟವೇ ಎಂದರೆ, ಅದೂ ಇಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ, ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ 'ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ' ಎಂಬ ಬೋರ್ಡು ಹೊತ್ತ ಕೋಣೆಯೊಂದಿರುತ್ತದೆ. ಹಣ ಕೊಡಬೇಕಾಗಿಲ್ಲ. ಕೆಲವು ಹನಿ ರಕ್ತ, ಅರ್ಧ ಗಂಟೆಯ ಕಾಯುವಿಕೆ. ಫಲಿತಾಂಶ ನಿಮ್ಮ ಕಿವಿಗೆ, ನಿಮ್ಮ ಕಿವಿಗೆ ಮಾತ್ರ. ಪರೀಕ್ಷೆಗೆ ಮುಂಚೆಯೂ ಆಮೇಲೂ ಒಬ್ಬರು ಎದುರು ಕುಳಿತು ಮಾತನಾಡುತ್ತಾರೆ. ಈ ಕೆಲಸಕ್ಕೆ 'ಆಪ್ತಸಮಾಲೋಚನೆ' ಎಂದು ಹೆಸರಿಟ್ಟವರು ಯಾರೋ ನಾನರಿಯೆ. ಆದರೆ ಕನ್ನಡದ ಮೇಷ್ಟರಾಗಿ ಅವರಿಗೆ ಒಂದು ನಮಸ್ಕಾರ ಹೇಳಲೇಬೇಕು. ಆಪ್ತನೆಂದರೆ ಹತ್ತಿರದವನು ಎಂದಷ್ಟೇ ನಾವು ತಿಳಿದಿದ್ದೇವೆ. ನ್ಯಾಯಶಾಸ್ತ್ರದವರಿಗೆ ಆಪ್ತನೆಂದರೆ ಕಂಡದ್ದನ್ನು ಕಂಡಂತೆ ಹೇಳುವವನು, ಯಾರ ಮಾತನ್ನು ನಂಬಬಹುದೋ ಅವನು. ಹತ್ತಿರದವನಾಗಿರಬೇಕು, ನಿಜವನ್ನೂ ಹೇಳಬೇಕು. ಈ ಎರಡು ಗುಣಗಳು ಒಬ್ಬನಲ್ಲಿಯೇ ಸೇರುವುದು ಎಷ್ಟು ಅಪರೂಪವೆಂಬುದನ್ನು ಬಲ್ಲವರೇ ಬಲ್ಲರು.

ಇಷ್ಟಿದ್ದರೂ ಜನ ತಾವಾಗಿ ಹೋಗುವುದು ಕಡಿಮೆ. ದೇಶದಲ್ಲಿ ಸುಮಾರು ಇಪ್ಪತ್ತೈದು ಲಕ್ಷ ಮಂದಿಗೆ ಈ ಸೋಂಕು ಇದೆಯೆಂದು 2023ರ ಸರಕಾರಿ ಅಂದಾಜು ಹೇಳುತ್ತದೆ. ಅವರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲಿಗೆ ತಮ್ಮ ಸ್ಥಿತಿ ತಿಳಿದೇ ಇಲ್ಲ. ಕಾರಣವೇನೆಂದು ಸಭೆಗಳಲ್ಲಿ ಕೇಳಿದರೆ ಸಿದ್ಧವಾದ ಉತ್ತರವೊಂದುಂಟು: 'ಅಜ್ಞಾನ.' ಆದುದರಿಂದ ಇನ್ನಷ್ಟು ಭಾಷಣ, ಇನ್ನಷ್ಟು ಭಿತ್ತಿಪತ್ರ. ನನಗೆ ಈ ಉತ್ತರದಲ್ಲಿ ನಂಬಿಕೆಯಿಲ್ಲ. ನಮ್ಮ ಕಾಲೇಜಿನ ಹುಡುಗರನ್ನು ಕೇಳಿ ನೋಡಿ: ಸೋಂಕು ಹರಡುವ ದಾರಿಗಳೆಷ್ಟು, ಯಾವುದರಿಂದ ಹರಡುವುದಿಲ್ಲ ಎಂಬುದನ್ನೆಲ್ಲ ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಾರೆ. ಡಿಸೆಂಬರ್ 1ರಂದು ಕೆಂಪು ಪಟ್ಟಿ ಚುಚ್ಚಿಕೊಂಡು ಮೆರವಣಿಗೆಯನ್ನೂ ಹೋಗುತ್ತಾರೆ. ಮೆರವಣಿಗೆ ಆಸ್ಪತ್ರೆಯ ಮುಂದೆ ಹಾದು ಹೋಗುತ್ತದೆ, ಒಳಗೆ ಹೋಗುವುದಿಲ್ಲ. ಇದು ಅಜ್ಞಾನವಲ್ಲ, ಬೇರೆ ಏನೋ.

ಆ ಬೇರೆ ಏನೋ ಏನೆಂಬುದನ್ನು ನೋಡುವ ಮೊದಲು ಒಂದು ಮೂಲಪ್ರಶ್ನೆಯನ್ನು ಎದುರಿಸಬೇಕು. ತಿಳಿಯಲೊಲ್ಲೆ ಎನ್ನುವ ಹಕ್ಕು ಮನುಷ್ಯನಿಗುಂಟೆ?

ಉಂಟು ಎನ್ನಬೇಕಾದ ಸಂದರ್ಭಗಳಿವೆ. ಹಂಟಿಂಗ್ಟನ್ ಎಂಬ ವಂಶಪಾರಂಪರ್ಯದ ನರರೋಗವೊಂದಿದೆ. ತಂದೆಗೋ ತಾಯಿಗೋ ಅದು ಇದ್ದರೆ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಕಾಣಿಸಿಕೊಂಡು, ಮೈಯನ್ನೂ ಬುದ್ಧಿಯನ್ನೂ ನಿಧಾನವಾಗಿ ಕೊಲ್ಲುತ್ತದೆ. ಅದನ್ನು ವಾಸಿಮಾಡುವ ಮದ್ದಿಲ್ಲ. ಆ ರೋಗದ ವಂಶವಾಹಿ 1993ರಲ್ಲಿ ಸಿಕ್ಕಿತು, ಪರೀಕ್ಷೆ ಖಚಿತವಾಯಿತು. ಆ ಶೋಧನೆಗೆ ದಾರಿ ಮಾಡಿದವರಲ್ಲಿ ಮುಖ್ಯರಾದ ನ್ಯಾನ್ಸಿ ವೆಕ್ಸ್‌ಲರ್ ಅವರ ತಾಯಿಯೇ ಆ ರೋಗದಿಂದ ತೀರಿಕೊಂಡವರು. ಆದರೂ ಆ ಪರೀಕ್ಷೆ ಬಂದಾಗ ಅದನ್ನು ತಾವು ಮಾಡಿಸಿಕೊಳ್ಳಲು ವೆಕ್ಸ್‌ಲರ್ ಮುಂದಾಗಲಿಲ್ಲ. ತಮಗೂ ಆ ರೋಗ ತಗುಲಿದೆಯೆಂದು ಅವರು ಲೋಕಕ್ಕೆ ಹೇಳಿದ್ದು 2020ರಲ್ಲಿ. ಅವರೊಬ್ಬರೇ ಅಲ್ಲ, ಆ ಭಯದ ನೆರಳಿನಲ್ಲಿರುವವರಲ್ಲಿ ಹೆಚ್ಚಿನವರು ಪರೀಕ್ಷೆಯನ್ನು ಒಲ್ಲೆವೆನ್ನುತ್ತಾರೆ. ಅವರನ್ನು ಹೇಡಿಗಳೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ. ತಿಳಿದು ಮಾಡುವುದೇನೂ ಇಲ್ಲದಿರುವಾಗ, ತಿಳಿಯದೆ ಕಳೆಯುವ ಹತ್ತು ವರ್ಷಗಳ ನೆಮ್ಮದಿ ಸಣ್ಣದಲ್ಲ.

ಎಚ್.ಐ.ವಿ.ಯೂ ಒಂದು ಕಾಲದಲ್ಲಿ ಹೆಚ್ಚುಕಡಿಮೆ ಹೀಗೆಯೇ ಇತ್ತೆಂಬುದನ್ನು ನಾವು ಮರೆಯುತ್ತೇವೆ. ರಕ್ತಪರೀಕ್ಷೆ ಬಳಕೆಗೆ ಬಂದದ್ದು 1985ರಲ್ಲಿ. ಮರುವರ್ಷವೇ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ನಮ್ಮ ದೇಶದ ಮೊದಲ ಪ್ರಕರಣಗಳನ್ನು ಕಂಡುಹಿಡಿದರು. ಆದರೆ ಪ್ರಾಣ ಉಳಿಸುವ ಔಷಧಗಳ ಕೂಡಿಕೆ ಜಗತ್ತಿಗೆ ದೊರೆತದ್ದು 1996ರಲ್ಲಿ. ನಡುವಣ ಹತ್ತು ಹನ್ನೊಂದು ವರ್ಷ ಪರೀಕ್ಷೆಯಿತ್ತು, ಪರಿಹಾರವಿರಲಿಲ್ಲ. ಆಗ ತಿಳಿದುಕೊಂಡವನಿಗೆ ದೊರೆತದ್ದೇನು?

ಗೋವೆಯ ಡೊಮಿನಿಕ್ ಡಿಸೋಜಾ ಅವರಿಗೆ ದೊರೆತದ್ದನ್ನು ನೋಡಿ. ಆತ ಆಗಾಗ ರಕ್ತದಾನ ಮಾಡುತ್ತಿದ್ದ ತರುಣ. 1989ರಲ್ಲಿ ಒಂದು ದಿನ ಪೊಲೀಸರಿಂದ ಕರೆ ಬಂತು. ದಾನ ಕೊಟ್ಟ ರಕ್ತದಲ್ಲಿ ಸೋಂಕು ಕಂಡಿತ್ತು; ಆ ಸುದ್ದಿ ಆತನಿಗೆ ಮುಟ್ಟುವ ಮೊದಲೇ ಪೊಲೀಸರಿಗೆ ಮುಟ್ಟಿತ್ತು. ಅಲ್ಲಿನ ಆರೋಗ್ಯ ಕಾಯಿದೆಯ ಬಲದಿಂದ, ಬಳಕೆ ತಪ್ಪಿದ್ದ ಒಂದು ಕ್ಷಯರೋಗದ ಆಸ್ಪತ್ರೆಯಲ್ಲಿ ಆತನನ್ನು 64 ದಿನ ಒಂಟಿಯಾಗಿ ಕೂಡಿಹಾಕಿದರು. ತಾಯಿ ಹೈಕೋರ್ಟಿನ ಬಾಗಿಲು ಬಡಿದರು. ಆತ ತೀರಿಕೊಂಡದ್ದು 1992ರಲ್ಲಿ. ಸುದ್ದಿ ಯಾರದು? ದೇಹ ಆತನದು, ರಕ್ತ ಆತನದು. ಸುದ್ದಿ ಮಾತ್ರ ಊರಿನದಾಗಿತ್ತು.

1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಮೊಕದ್ದಮೆಯೊಂದರಲ್ಲಿಯೂ ಇದೇ ಕತೆ. ಅಲ್ಲಿಯೂ ಒಬ್ಬರು ರೋಗಿಯೊಬ್ಬರಿಗಾಗಿ ರಕ್ತ ಕೊಡಲು ಹೋದವರು. ಆಸ್ಪತ್ರೆಯಿಂದ ಸುದ್ದಿ ಹೊರಬಿತ್ತು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ತಮ್ಮವರೇ ದೂರ ಮಾಡಿದರು. ನ್ಯಾಯಾಲಯ ಆಸ್ಪತ್ರೆಯ ಪರವಾಗಿ ತೀರ್ಪಿತ್ತು, ಅಂಥವರ ಮದುವೆಯ ಹಕ್ಕೇ ತಡೆಹಿಡಿಯಲ್ಪಡುತ್ತದೆಂಬವರೆಗೆ ಹೋಯಿತು. ಮದುವೆಯ ಬಗೆಗಿನ ಆ ಮಾತನ್ನು 2002ರಲ್ಲಿ ಅದೇ ನ್ಯಾಯಾಲಯ ತೆಗೆದುಹಾಕಿತೆನ್ನಿ. ಆದರೆ ವಧುವಿನ ಕಡೆಯವರಿಗೆ ಸತ್ಯ ತಿಳಿಯಬೇಡವೆ ಎಂದು ಕೇಳುವವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಆ ಹೆಣ್ಣಿಗೂ ಒಂದು ಜೀವವುಂಟಷ್ಟೆ. ತಿಳಿಸಬೇಕೆ ಎಂಬುದು ಒಂದು ಪ್ರಶ್ನೆ. ಯಾರು, ಯಾರಿಗೆ, ಹೇಗೆ ತಿಳಿಸಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೇಳಿ ಎರಡನೆಯದನ್ನು ಕೈಬಿಟ್ಟರೆ ಸತ್ಯವೇ ಒಂದು ಆಯುಧವಾಗುತ್ತದೆ.

ಈಗ ಕಾಲ ಬದಲಾಗಿದೆ. ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಸರಕಾರವೇ ಉಚಿತವಾಗಿ ಔಷಧ ಕೊಡಲು ಮೊದಲುಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವನು ಸಾಮಾನ್ಯ ಆಯುಷ್ಯವನ್ನೇ ಬಾಳಬಹುದು. 2011ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನ ಮತ್ತೂ ಮುಂದಿನ ಮಾತನ್ನು ಹೇಳಿತು: ದಂಪತಿಗಳಲ್ಲಿ ಒಬ್ಬರಿಗೆ ಸೋಂಕಿದ್ದು ಅವರು ಬೇಗನೆ ಔಷಧ ಹಿಡಿದರೆ, ಇನ್ನೊಬ್ಬರಿಗೆ ಅವರಿಂದ ತಗಲುವ ಸಂಭವ ನೂರಕ್ಕೆ ತೊಂಬತ್ತಾರರಷ್ಟು ಕಡಿಮೆಯಾಗುತ್ತದೆ. ರಕ್ತದಲ್ಲಿ ವೈರಾಣು ಲೆಕ್ಕಕ್ಕೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ದೇಹಸಂಬಂಧದಿಂದ ಹರಡುವುದೇ ಇಲ್ಲವೆಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಎಂದರೆ, ತಿಳಿವು ಈಗ ಬರಿಯ ತಿಳಿವಲ್ಲ. ಅದು ಮದ್ದಿನ ಮೊದಲ ಗುಟುಕು, ಮನೆಯವರಿಗೆ ಕಾವಲು. ಹಂಟಿಂಗ್ಟನ್ನಿನವನ ಹಕ್ಕನ್ನು ಇಲ್ಲಿಗೆ ಎಳೆದು ತರುವಂತಿಲ್ಲ. ತಿಳಿಯಬಹುದಾದ್ದನ್ನು, ತಿಳಿದು ನೀಗಬಹುದಾದ್ದನ್ನು, ತಿಳಿಯದೆ ಇನ್ನೊಬ್ಬರ ಮೈಗೆ ದಾಟಿಸುವುದು ಹಕ್ಕಾಗಲಾರದು.

ತರ್ಕ ಇಲ್ಲಿಗೆ ಮುಗಿದಂತೆ ತೋರುತ್ತದೆ. ಆದರೆ ತರ್ಕ ಮುಗಿದರೂ ಬೆಂಚು ಖಾಲಿ. ಏಕೆ?

ಇದಕ್ಕೆ ನನಗೆ ಸಿಕ್ಕಿದ ಒಳ್ಳೆಯ ಉತ್ತರ ಆಫ್ರಿಕದ ಮಲಾವಿ ದೇಶದ ಹಳ್ಳಿಗಳಿಂದ ಬಂದದ್ದು. 2004ರಲ್ಲಿ ಅಲ್ಲಿ ಜನರ ಮನೆಗೇ ಹೋಗಿ ಪರೀಕ್ಷೆಯ ಮಾದರಿ ತೆಗೆದುಕೊಂಡರು. ಹೆಚ್ಚಿನವರು ಒಪ್ಪಿದರು. ಫಲಿತಾಂಶ ಬೇಕಾದವರು ಕೆಲವು ತಿಂಗಳ ಮೇಲೆ ಹತ್ತಿರದ ಡೇರೆಗೆ ಬಂದು ಕೇಳಿಕೊಳ್ಳಬೇಕು. ಜೊತೆಗೆ ಲಾಟರಿಯಂತೆ ಒಂದೊಂದು ಚೀಟಿ ಎತ್ತಿಸಿದರು: ಕೆಲವರಿಗೆ ಸೊನ್ನೆ, ಕೆಲವರಿಗೆ ಅಲ್ಪ ಮೊತ್ತ, ಅತಿ ಹೆಚ್ಚೆಂದರೆ ಮೂರು ಡಾಲರ್. ಫಲಿತಾಂಶ ಕೇಳಲು ಬಂದರೆ ಮಾತ್ರ ಆ ಹಣ. ರೆಬೆಕಾ ಥಾರ್ನ್‌ಟನ್ ಎಂಬ ಅರ್ಥಶಾಸ್ತ್ರಜ್ಞೆ 2008ರಲ್ಲಿ ಇದರ ಲೆಕ್ಕ ಪ್ರಕಟಿಸಿದರು. ಸೊನ್ನೆ ಬಂದವರಲ್ಲಿ ನೂರಕ್ಕೆ ಮೂವತ್ತನಾಲ್ಕು ಮಂದಿ ಮಾತ್ರ ಬಂದರು. ಏನಾದರೂ ಹಣ ಬಂದವರಲ್ಲಿ ಇದರ ಎರಡರಷ್ಟು. ದಿನಗೂಲಿಯ ಹತ್ತರಲ್ಲೊಂದು ಪಾಲಿನಷ್ಟು ಚಿಲ್ಲರೆಯೂ ಬಹಳ ಜನರನ್ನು ಕರೆತಂದಿತು.

ಬಡವರು, ಹಣಕ್ಕಾಗಿ ಬಂದರು ಎಂದು ಅವಸರದಲ್ಲಿ ಹೇಳಿಬಿಡಬಹುದು. ಸ್ವಲ್ಪ ನಿಂತು ಯೋಚಿಸಿ. ಸಾವಿನ ಸುದ್ದಿ ಕೇಳಲು ನಿಜವಾಗಿ ಹೆದರಿದವನು ಎರಡು ಕಾಸಿಗಾಗಿ ಕೇಳಲು ಬರುತ್ತಾನೆಯೆ? ಅಷ್ಟು ದೊಡ್ಡ ಭಯಕ್ಕೆ ಅಷ್ಟು ಸಣ್ಣ ಬೆಲೆಯೆ? ಹಣ ಅಲ್ಲಿ ದೂರದ ನಡಿಗೆಯ ಕೂಲಿಯೂ ಆಗಿದ್ದಿರಬಹುದು. ಡೇರೆ ದೂರವಾದಷ್ಟೂ ಜನ ಕಡಿಮೆಯಾದರೆಂಬುದೂ ಆ ಲೆಕ್ಕದಲ್ಲಿಯೇ ಇದೆ. ಆದರೆ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಹಣ ಅವರಿಗೆ ಒಂದು ನೆಪವಾಯಿತು. 'ಎಲ್ಲಿಗೆ ಹೊರಟೆ?' ಎಂದು ದಾರಿಯಲ್ಲಿ ನೆರೆಯವನು ಕೇಳಿದರೆ 'ದುಡ್ಡು ಕೊಡುತ್ತಾರಂತೆ' ಎಂದು ಹೇಳಬಹುದು. ಅಳುಕು ಫಲಿತಾಂಶಕ್ಕಿಂತ ಹೆಚ್ಚಾಗಿ ದಾರಿಯ ಪ್ರಶ್ನೆಯದು. ಹೋಗುವುದೇ ಒಂದು ತಪ್ಪೊಪ್ಪಿಗೆಯಾಗಿ ಕಾಣುವ ಕಡೆ ಮನುಷ್ಯನಿಗೆ ಬೇಕಾದದ್ದು ಧೈರ್ಯವಲ್ಲ, ಮುಖ ಮುಚ್ಚಿಕೊಳ್ಳಲು ಒಂದು ಚೂರು ಬಟ್ಟೆ.

ಮಲಾವಿಯೇ ಏಕೆ? ಎರಡು ವರ್ಷದ ಹಿಂದೆ ನಮ್ಮೂರಿನ ಆಸ್ಪತ್ರೆಯ ಆ ಕೋಣೆಗೆ ನಾನು ಹೋಗಿದ್ದೆ. ವಿದ್ಯಾರ್ಥಿಗಳಿಗೆ ಹೋಗಿರೆಂದು ಹೇಳುವವನು ತಾನು ಹೋಗಿ ನೋಡುವುದು ನ್ಯಾಯವೆನಿಸಿತ್ತು. ಹೊರಗಡೆ ಒಂದು ಮರದ ಬೆಂಚು, ಎದುರಿಗೆ ಎಕ್ಸ್‌ರೇ ವಿಭಾಗದ ಸಾಲು. ಬೆಂಚಿನ ಮೇಲೆ ಇದ್ದವರಲ್ಲಿ ಒಬ್ಬರೂ ಬೋರ್ಡಿನ ಕಡೆಗೆ ಮುಖ ಮಾಡಿರಲಿಲ್ಲ. ಎಲ್ಲರೂ ಎಕ್ಸ್‌ರೇಗೆ ಬಂದವರಂತೆ ಆ ಕಡೆಗೇ ನೋಡುತ್ತಿದ್ದರು. ಕರೆಯುವುದಕ್ಕೆ ಹೆಸರಿಲ್ಲ, ಬರಿಯ ಸಂಖ್ಯೆ, ಅದು ಒಳ್ಳೆಯದೇ. ಒಳಗಿದ್ದ ಹೆಣ್ಣುಮಗಳು ನನಗಿಂತ ಹದಿನೈದು ವರ್ಷ ಚಿಕ್ಕವಳು. ಯಾವ ಗಾಬರಿಯೂ ಇಲ್ಲದೆ, ಯಾವ ಉಪದೇಶವೂ ಇಲ್ಲದೆ, ನಾನು ನನ್ನ ಹತ್ತಿರದ ಗೆಳೆಯನಿಗೂ ಹೇಳಲು ತಡವರಿಸಬಹುದಾದ ನಾಲ್ಕು ಪ್ರಶ್ನೆಗಳನ್ನು ಕೇಳಿದಳು. ಇತ್ತೀಚೆಗಷ್ಟೆ ತಗುಲಿದ ಸೋಂಕು ಒಮ್ಮೆಲೇ ತೋರದಿರಬಹುದು, ಆ ಸಂಶಯವಿದ್ದರೆ ಮೂರು ತಿಂಗಳ ಮೇಲೆ ಮತ್ತೆ ಬರಬೇಕು ಎಂದು ತಿಳಿಸಿದಳು. ಕಡೆಯಲ್ಲಿ, 'ಸರ್, ಫಲಿತಾಂಶ ಏನೇ ಬರಲಿ, ಮೊದಲು ಯಾರಿಗೆ ಹೇಳುತ್ತೀರಿ?' ಎಂದಳು. ಇದು ಅವಳು ಎಲ್ಲರನ್ನೂ ಕೇಳುವ ಪ್ರಶ್ನೆಯಂತೆ.

ಹೊರಗೆ ಬರುವಾಗ ನಮ್ಮ ಬಡಾವಣೆಯ ಒಬ್ಬ ನಿವೃತ್ತ ಹಿರಿಯರು ಎಕ್ಸ್‌ರೇ ಸಾಲಿನಿಂದ ಕೈಯೆತ್ತಿದರು. 'ಏನು ಮೇಷ್ಟ್ರೇ, ಇಲ್ಲಿ?' ಪ್ರಶ್ನೆ ನನಗೆ. ಕಣ್ಣು ಬೋರ್ಡಿನ ಮೇಲೆ. 'ಪರೀಕ್ಷೆಗೆ ಬಂದಿದ್ದೆ' ಎಂದೆ. ಅವರು ನಕ್ಕರು, ಮತ್ತೆ ನಗಲಿಲ್ಲ. ವಾರ ಕಳೆಯುವುದರೊಳಗೆ ತರಕಾರಿ ಗಾಡಿಯ ಹತ್ತಿರ ಒಬ್ಬಾಕೆ ನನ್ನ ಹೆಂಡತಿಯನ್ನು 'ಏನ್ರೀ, ನಿಮ್ಮ ಯಜಮಾನರಿಗೆ ಹುಷಾರಿಲ್ಲವಂತೆ?' ಎಂದು ವಿಚಾರಿಸಿದರು. ನನ್ನ ಹೆಂಡತಿ 'ಯಾರು ಹೇಳಿದರು?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಹುರುಳಿಕಾಯಿ ಆರಿಸಿದಳಂತೆ. ಮನೆಗೆ ಬಂದು ಹೇಳುವಾಗ ನಕ್ಕಳು. ನಾನು ಉದ್ಯೋಗ ಖಾಯಮ್ಮಾದ ಗಂಡಸು; ನಮಗೆ ಅದು ನಗೆಯ ಮಾತು. ಬಾಡಿಗೆ ಮನೆಯಲ್ಲಿರುವ ಒಂಟಿ ಹೆಂಗಸಿಗೆ ಅದೇ ಮಾತು ಮನೆ ಖಾಲಿ ಮಾಡುವ ನೋಟೀಸು.

ಫಲಿತಾಂಶವೇನು ಬಂತೆಂದು ಓದುಗರಲ್ಲಿ ಕೆಲವರಿಗಾದರೂ ಈಗ ಕುತೂಹಲ ಹುಟ್ಟಿರಬೇಕು. ಹುಟ್ಟುವುದು ಸಹಜ. ಅಂದು ಬಡಾವಣೆಗೆಲ್ಲ ಸಾರಿಬಿಡೋಣವೆಂಬ ಆಸೆ ನನಗೂ ಒಂದು ಗಳಿಗೆ ಬಂತು. ಆದರೆ 'ನನಗೇನೂ ಇಲ್ಲ' ಎಂದು ಸಾರಲು ಅನುಕೂಲವಿದ್ದವರೆಲ್ಲ ಸಾರಿಕೊಂಡರೆ, ಸುಮ್ಮನಿರುವವನ ಮೌನಕ್ಕೆ ಉಳಿಯುವ ಅರ್ಥ ಒಂದೇ. ಆದುದರಿಂದ ನಾನು ಆ ಹಿರಿಯರಿಗೂ ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಓದುಗರು ದಯವಿಟ್ಟು ಆ ಕುತೂಹಲವನ್ನು ತಮ್ಮ ಬಳಿಯೇ ಒಂದಿಷ್ಟು ಹೊತ್ತು ಇಟ್ಟುಕೊಂಡು ನೋಡಬೇಕು. ಬೆಂಚಿನ ಮೇಲೆ ಕುಳಿತವನ ಬೆನ್ನಿಗೆ ನೆಟ್ಟಿರುವುದು ಅದೇ ಕುತೂಹಲ.

ಇನ್ನೊಂದು ಮಾತನ್ನು ನಾವು ಗಂಡಸರು ಜಾಣತನದಿಂದ ಹಾರಿಸುತ್ತೇವೆ. ಹೋಗಲೋ ಬೇಡವೋ ಎಂದು ತೂಗಿ ನೋಡುವ ಈ ಸೌಭಾಗ್ಯ ಹೆಚ್ಚಾಗಿ ನಮ್ಮದು. ಬಸಿರಾದ ಹೆಂಗಸಿಗೆ ಆಸ್ಪತ್ರೆಯಲ್ಲಿ ಇತರ ಪರೀಕ್ಷೆಗಳೊಡನೆ ಈ ಪರೀಕ್ಷೆಯೂ ನಡೆಯುತ್ತದೆ. ಮಗುವಿಗೆ ಸೋಂಕು ದಾಟದಂತೆ ತಡೆಯಬಹುದಾದ್ದರಿಂದ ಅದು ಬೇಕಾದದ್ದೇ. ಆದರೆ ಅದರ ಪರಿಣಾಮವಾಗಿ ಎಷ್ಟೋ ಮನೆಗಳಲ್ಲಿ ಸುದ್ದಿ ಮೊದಲು ತಿಳಿಯುವುದು ಅವಳಿಗೆ. ಮೊದಲು ತಿಳಿದವಳು ಮೊದಲು ತಂದವಳೂ ಆಗಿಬಿಡುತ್ತಾಳೆ. ಗಂಡನಿಂದ ಬಂದ ಸೋಂಕನ್ನು ಹೊತ್ತ ಹೆಣ್ಣು, ಪರೀಕ್ಷೆಯನ್ನೇ ಮಾಡಿಸಿಕೊಳ್ಳದ ಗಂಡನ ಮನೆಯಿಂದ ತವರಿಗೆ ಹೊರಡುತ್ತಾಳೆ. ಅತ್ತೆಯ ಬಾಯಲ್ಲಿ ಬರುವ ಮಾತನ್ನು ಇಲ್ಲಿ ಬರೆಯಬೇಕಾಗಿಲ್ಲ. 2017ರಲ್ಲಿ ಸಂಸತ್ತು ಒಪ್ಪಿ, 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಕಾಯಿದೆ ಈ ತೊಡಕನ್ನು ಕಂಡಿದೆ. ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದು, ಗುಟ್ಟು ಬಿಡಬಾರದು ಎಂದು ಹೇಳಿದ್ದಲ್ಲದೆ, ಸಂಗಾತಿಗೆ ತಿಳಿಸುವುದರಿಂದ ಹೆಣ್ಣಿಗೆ ಹೊಡೆತವೋ ಮನೆಯಿಂದ ಹೊರದೂಡುವಿಕೆಯೋ ಬಂದೀತೆಂಬ ಭಯವಿರುವಲ್ಲಿ ವೈದ್ಯರು ತಿಳಿಸದಿರಲೆಂದೂ ವಿಧಿಸಿದೆ. ಕಾಯಿದೆ ಬರೆದವರಿಗೆ ನಮ್ಮ ಮನೆಗಳ ಪರಿಚಯವಿದ್ದಿರಬೇಕು.

ಈ ಗೋಜೆಲ್ಲ ಏಕೆ, ಮದುವೆಗೆ ಮುಂಚೆ ಎಲ್ಲರಿಗೂ ಕಡ್ಡಾಯ ಮಾಡಿಬಿಡಿ ಎನ್ನುವ ಸ್ನೇಹಿತರಿದ್ದಾರೆ. ಗೋವೆಯ ಸರಕಾರವೂ 2006ರಲ್ಲಿ ಇಂಥದೊಂದು ವಿಚಾರ ಮಾಡಿತ್ತು. ಮಾಡಿ ನೋಡಿದವರೂ ಉಂಟು. ಅಮೆರಿಕದ ಇಲಿನಾಯ್ ರಾಜ್ಯ 1988ರಲ್ಲಿ ಅದನ್ನು ಕಡ್ಡಾಯ ಮಾಡಿತು. ಮೊದಲ ಆರು ತಿಂಗಳಲ್ಲಿ 70,846 ಮಂದಿ ಪರೀಕ್ಷೆಗೊಳಗಾದರು. ಸೋಂಕು ಸಿಕ್ಕಿದ್ದು ಎಂಟು ಮಂದಿಗೆ. ಖರ್ಚು ಇಪ್ಪತ್ತೈದು ಲಕ್ಷ ಡಾಲರ್. ರಾಜ್ಯದಲ್ಲಿ ಮದುವೆಯ ಪರವಾನಗಿಗಳು ನೂರಕ್ಕೆ ಇಪ್ಪತ್ತೆರಡರಷ್ಟು ಇಳಿದವು. ಜೋಡಿಗಳು ಗಡಿ ದಾಟಿ ಪಕ್ಕದ ರಾಜ್ಯಗಳಲ್ಲಿ ಮದುವೆಯಾಗಿ ಬಂದರು. ಮರುವರ್ಷ ಕಾಯಿದೆಯನ್ನು ರದ್ದುಮಾಡಿದರು. ಇದಕ್ಕಿಂತ ಹೆಚ್ಚಾಗಿ ಹೇಳಬೇಕಾದ್ದಿಲ್ಲ.

ಆದರೆ ಕಡ್ಡಾಯದ ಮಾತು ಬಂದಾಗಲೆಲ್ಲ ನನಗೆ ಕರ್ಣನ ನೆನಪಾಗುತ್ತದೆ. ಯುದ್ಧ ನಿಶ್ಚಯವಾದ ಮೇಲೆ ಕೃಷ್ಣ ಅವನನ್ನು ರಥಕ್ಕೆ ಹತ್ತಿಸಿಕೊಂಡು ಹೋಗಿ ಜನ್ಮರಹಸ್ಯ ಹೇಳುತ್ತಾನೆ. ಹೇಳಿದ್ದು ನಿಜ, ಏಕಾಂತದಲ್ಲಿ ಹೇಳಿದ್ದೂ ಹೌದು. ಆದರೂ ಓದುವವರ ಮನಸ್ಸು ಮುದುಡುತ್ತದೆ. ಏಕೆಂದರೆ ಆ ತಿಳಿವನ್ನು ಕರ್ಣ ಕೇಳಿರಲಿಲ್ಲ, ಅದು ಕರ್ಣನ ಒಳಿತಿಗಾಗಿ ಬಂದುದೂ ಅಲ್ಲ. ಹೇಳುವವನಿಗೆ ಒಂದು ಕೆಲಸವಾಗಬೇಕಾಗಿತ್ತು. ವ್ಯಾಸರ ಕರ್ಣ ಆಗಲೂ ತೂಕ ತಪ್ಪದೆ, ಈ ಮಾತು ಯುಧಿಷ್ಠಿರನಿಗೆ ತಿಳಿಯದಿರಲೆಂದು ಕೇಳಿಕೊಳ್ಳುತ್ತಾನೆ. ಸುದ್ದಿಯಿಂದ ತನಗಾಗುವುದನ್ನು ತಡೆಯಲಾರದವನು, ಸುದ್ದಿ ಎಲ್ಲಿಗೆ ಹೋಗಬೇಕೆಂಬುದನ್ನಾದರೂ ತನ್ನ ಕೈಯಲ್ಲಿಟ್ಟುಕೊಳ್ಳಲು ಬಯಸಿದ. ಸರಕಾರ ರಾಜ್ಯದ ಲೆಕ್ಕಕ್ಕಾಗಿ, ಬೀಗರು ವಂಶದ ಲೆಕ್ಕಕ್ಕಾಗಿ, ಆಸ್ಪತ್ರೆ ತನ್ನ ಶಸ್ತ್ರಚಿಕಿತ್ಸೆಯ ಕೋಣೆಯ ಲೆಕ್ಕಕ್ಕಾಗಿ ರಕ್ತವನ್ನು ತೆಗೆಯುವಾಗ ಎಲ್ಲರೂ ಆ ರಥದಲ್ಲಿ ಕುಳಿತವರೇ.

ತಾನೇ ಮನೆಯಲ್ಲಿ ಪರೀಕ್ಷಿಸಿಕೊಳ್ಳುವ ಸಾಧನವನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿತು. ಬೆಂಚು ತಪ್ಪುತ್ತದೆ, ಎಕ್ಸ್‌ರೇ ಸಾಲಿನ ಹಿರಿಯರೂ ತಪ್ಪುತ್ತಾರೆ. ಎಷ್ಟೋ ಜನರಿಗೆ ಇದರಿಂದ ಉಪಕಾರವಾದೀತು. ಆದರೆ ರಾತ್ರಿ ಹತ್ತು ಗಂಟೆಗೆ ಬಚ್ಚಲುಮನೆಯ ದೀಪದಡಿಯಲ್ಲಿ ಎರಡು ಗೆರೆ ಮೂಡುವುದನ್ನು ಒಬ್ಬನೇ ನೋಡುವವನ ಎದುರಿಗೆ ಆ ಹೆಣ್ಣುಮಗಳು ಇರುವುದಿಲ್ಲ. ಅದು ಕಡೆಯ ಮಾತಲ್ಲ, ಕೇಂದ್ರಕ್ಕೆ ಹೋಗಿ ಬೇರೆ ಪರೀಕ್ಷೆಗಳಿಂದ ಖಚಿತ ಮಾಡಿಕೊಳ್ಳಬೇಕು ಎಂದು ಆ ಗಳಿಗೆಯಲ್ಲಿ ಅವನಿಗೆ ಹೇಳುವವರೂ ಇರುವುದಿಲ್ಲ.

ಅವಳ ಕಡೆಯ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಕಳೆದ ವರ್ಷ ಅಂತಿಮ ಪದವಿಯ ತರಗತಿಯಲ್ಲಿ ಚೀಟಿ ಹಂಚಿ, ಹೆಸರು ಬರೆಯದೆ ಉತ್ತರ ಕೊಡಿರೆಂದೆ: ಹೇಳಲಾಗದಂಥ ಕಾಯಿಲೆಯೊಂದು ನಿಮಗೆ ಇದೆಯೆಂದು ತಿಳಿದರೆ ಮೊದಲು ಯಾರಿಗೆ ಹೇಳುತ್ತೀರಿ? ಒಂದಷ್ಟು ಚೀಟಿಗಳಲ್ಲಿ 'ಅಮ್ಮ' ಎಂದಿತ್ತು. ಕೆಲವರಿಗೆ ಗೆಳೆಯ, ಗೆಳತಿ. ಅಪ್ಪ ಎಂದು ಬರೆದವರು ಇಬ್ಬರೋ ಮೂವರೋ. ಮೇಷ್ಟರೆಂದು ಯಾರೂ ಬರೆದಿರಲಿಲ್ಲ. 'ಯಾರಿಗೂ ಇಲ್ಲ' ಎಂಬ ಚೀಟಿಗಳ ರಾಶಿಯೇ ಎಲ್ಲಕ್ಕಿಂತ ಎತ್ತರವಾಗಿತ್ತು. ಒಂದರಲ್ಲಿ ಮಾತ್ರ, ಮೊದಲು ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ನಮ್ಮ ಅಜ್ಜಿಗೆ ಹೇಳುತ್ತೇನೆ. ಅವರಿಗೆ ಕಿವಿ ಕೇಳುವುದಿಲ್ಲ.'